ಫಕೀರವ್ವ ಬಂದರೆ ಕಾರು ನಿಲ್ಲುತ್ತಿತ್ತು

ಕಾರುಗಳು ಡ್ರೈವರನ ಹಂಗಿಲ್ಲದೆ ತಾವೇ ಓಡಾಡುವ ಕಾಲ ಬಂದಾಗ ಊರಿನವರು ಮೊದಲು ಮಾಡಿದ ಕೆಲಸ ರಸ್ತೆ ಅಗಲ ಮಾಡಿದ್ದು. ತಾಂಬಟಗೇರಿ ಓಣಿಯ ಬಾಯಿಗೆ ಬಂದು ಬಿದ್ದ ಹೊಸ ರಸ್ತೆಯಂತೂ ಎಷ್ಟು ಅಗಲವೆಂದರೆ, ಈ ದಂಡೆಯಿಂದ ಹೊರಟ ಮದುಮಗಳು ಆ ದಂಡೆ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳ ಕೈ ಹಿಡಿದಿರುತ್ತಾಳೆ. ಅದರ ಮೇಲೆ ಕಾರು ಹೋಗುವ ರಭಸಕ್ಕೆ ಓಣಿಯ ಬೇವಿನ ಮರ ಒಂದು ಕಡೆ ವಾಲಿ, ಹಾಗೆಯೇ ನಿಂತುಬಿಟ್ಟಿತ್ತು. ಕಾರಿಗೆ ದಾರಿಯಿತ್ತು, ಲಾರಿಗೆ ದಾರಿಯಿತ್ತು, ನಡುವಿನ ಹೂಗಿಡಗಳಿಗೆ ನೀರು ಬಿಡುವ ಪೈಪಿಗೂ ದಾರಿಯಿತ್ತು. ನಡೆಯುವವರನ್ನು ಮಾತ್ರ ನಕ್ಷೆ ಬರೆದವರು ಮರೆತಿದ್ದರು. ನೆನಪಾದ ಮೇಲೆ, ಎಲ್ಲೋ ದೂರದಲ್ಲಿ ಒಂದು ಮೇಲ್ಸೇತುವೆ ಕಟ್ಟಿದರು. ಅದರ ಮೆಟ್ಟಿಲು ಹತ್ತಿ ಮುಗಿಸಿದ ಮುದುಕರಿಗೆ ಆಚೆ ದಂಡೆಗಿಂತ ಸ್ವರ್ಗವೇ ಹತ್ತಿರ.

ಓಣಿ ಈಚೆ; ಅಂಗನವಾಡಿ, ದವಾಖಾನೆ, ಕಾಯಿಪಲ್ಲೆ ಸಂತೆ ಎಲ್ಲ ಆಚೆ. ಹಿಂದಿನ ವರ್ಷ ಓಣಿಯ ಕಲ್ಮೇಶನ ತಾಯಿ ಶಿವಗಂಗವ್ವ ಕೊತ್ತಂಬರಿ ತರಲು ಹೋಗಿ, ರಸ್ತೆ ನಡುವೆ ಒಂದು ಹೆಜ್ಜೆ ಹಿಂದೆ ಮುಂದೆ ಮಾಡಿದಳು. ಇವಳು ಹಿಂದಕ್ಕೇ ಹೋಗುತ್ತಾಳೆಂದು ಕಾರು ತನ್ನಷ್ಟಕ್ಕೆ ಲೆಕ್ಕ ಹಾಕಿ ಮುಂದೆ ಬಂತು. ಅವಳು ಮುಂದೆಯೇ ಹೋದಳು. ವಿಚಾರಣೆ ಆಗಿ, ತಪ್ಪು ಯಾರದೂ ಅಲ್ಲವೆಂದು ತೀರ್ಮಾನವಾಯಿತು. ಅಂದಿನಿಂದ ಓಣಿಯ ಸಾರಿನಲ್ಲಿ ಕೊತ್ತಂಬರಿ ಇರಲಿಲ್ಲ.

ಶಿವಗಂಗವ್ವನ ಪಕ್ಕದ ಮನೆಯಾಕೆ ಫಕೀರವ್ವ, ಹಳೆಯ ಗೆಳತಿ. ಹರಿದ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿಯುವುದು ಅವಳ ಕಸುಬು. ಗಂಡ ಸತ್ತದ್ದು ಯಾವ ಕಾಲದಲ್ಲೋ. ಅವನ ಮುಖಕ್ಕಿಂತ ಅವನ ಕೆಮ್ಮು ಚೆನ್ನಾಗಿ ನೆನಪಿದೆ ಎಂದು ಅವಳೇ ಹೇಳುತ್ತಿದ್ದಳು. ಬರಿ ಹಣೆ, ಬರಿಗೈ, ಮಾಸಲು ಸೀರೆಯ ಸೆರಗು ತಲೆಯ ಮೇಲೆ. ಅವಳು ಬೆಳಿಗ್ಗೆ ಹೊಸ್ತಿಲು ದಾಟಿದರೆ ಓಣಿಯೇ ನಿಲ್ಲುತ್ತಿತ್ತು. ಕೆಲಸಕ್ಕೆ ಹೊರಟವರಿಗೆ ಗಂಡನಿಲ್ಲದಾಕೆ ಎದುರಾದರೆ ಹೋದ ಕೆಲಸ ಕೆಡುತ್ತದೆಂಬುದು ಓಣಿಯ ನಂಬಿಕೆ. ಸ್ಕೂಟರಿನವರು ಗಕ್ಕನೆ ಬ್ರೇಕು ಹಾಕುವರು, ನಡೆಯುವವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ನೋಡುವರು. ಕಲ್ಮೇಶನಂತೂ ತಿರುಗಿ ಮನೆಯೊಳಗೆ ಹೋಗಿ, ಚಾಪೆಯ ಮೇಲೆ ಕುಳಿತು, ಒಂದು ತಂಬಿಗೆ ನೀರು ಕುಡಿದು, ಆಮೇಲೆ ಹೊಸದಾಗಿ ಹೊರಡುವನು.

“ಕಲ್ಮೇಶಾ, ನನ್ನ ಸಲವಾಗಿ ದಿನಾ ಎಷ್ಟ ನೀರ ಕುಡೀತಿಯೋ? ಊರ ಕೆರಿ ಬತ್ತಿದ್ದು ನನ್ನಿಂದ ಅಂತ ನಾಳೆ ಪೇಪರಿನ್ಯಾಗ ಬರತೈತಿ ನೋಡು,” ಎಂದು ಫಕೀರವ್ವ ಕಿಟಕಿಯಿಂದ ಕೇಳುವಳು.

“ಹಂಗಲ್ಲಬೇ ಚಿಗವ್ವಾ, ನೀರಡಿಕಿ ಆಗಿತ್ತು,” ಎಂದು ಅವನು ನೆಲ ನೋಡುತ್ತ ಹೇಳುವನು.

ಓಣಿಯಲ್ಲಿ ಅವಳನ್ನು ಕಂಡು ನಿಲ್ಲದೆ ಇರುತ್ತಿದ್ದದ್ದು ಕಲ್ಮೇಶನ ಮಗಳು ಸಂಗಿ ಒಬ್ಬಳೇ. ಅವಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಅಜ್ಜಿಯನ್ನು “ಆಯೀ” ಎಂದು ಕೂಗುತ್ತ ಓಡಿ ಬಂದು, ಕೌದಿಯ ಚಿಂದಿಗಳ ನಡುವೆ ದಬಕ್ಕನೆ ಬಿದ್ದು, ಅಲ್ಲೇ ನಿದ್ದೆ ಹೋಗುವಳು. ಎಷ್ಟೋ ಸಲ ಅವಳ ಲಂಗದ ಅಂಚೂ ಕೌದಿಯಲ್ಲಿ ಸೇರಿ ಹೊಲಿಗೆಯಾದದ್ದುಂಟು.

ಒಂದು ದಿನ ಫಕೀರವ್ವನ ಮನೆಯಲ್ಲಿ ದಾರ ಮುಗಿಯಿತು. ಮೇಲ್ಸೇತುವೆ ಹತ್ತಲು ಮಂಡಿ ಒಪ್ಪಲಿಲ್ಲ. ಸತ್ತರೆ ಶಿವಗಂಗವ್ವನ ಜೊತೆ ಹರಟೆಯಾದರೂ ಆಯಿತೆಂದು ದಂಡೆಗೆ ಹೋಗಿ ನಿಂತಳು. ಮೊದಲ ಕಾರು ನಿಂತಿತು. ಅದರ ಪಕ್ಕದ್ದು ನಿಂತಿತು. ನೋಡನೋಡುತ್ತ ಎಲ್ಲ ಸಾಲೂ ನಿಂತು, ಆಕಾಶದ ಕೊನೆಯವರೆಗೆ ಕಾರುಗಳು ಸುಮ್ಮನಾದವು. ಹಿಂದೆ ಯಾರೋ ಮಂತ್ರಿ ಬಂದಿರಬೇಕೆಂದು ಫಕೀರವ್ವ ತಿರುಗಿ ನೋಡಿದಳು. ಬೇವಿನ ಮರ ಮಾತ್ರ ಇತ್ತು. ತವರಿನ ಅಂಗಳ ದಾಟಿದಂತೆ ರಸ್ತೆ ದಾಟಿ ದಾರ ತಂದಳು. ಬರುವಾಗಲೂ ಹಾಗೆಯೇ ನಿಂತವು.

ಮರುದಿನ ಇದನ್ನು ಪರೀಕ್ಷೆ ಮಾಡಲು ಓಣಿಗೆ ಓಣಿಯೇ ಬಂತು. ಕಲ್ಮೇಶ ಕಾಲು ಮುಂದಿಟ್ಟರೆ ಕಾರುಗಳು ಭರ್ರೆಂದು ಹೋದವು. ಫಕೀರವ್ವ ಬಂದು ಪಕ್ಕದಲ್ಲಿ ನಿಂತರೆ ನಿಂತವು. ಒಂದು ವಾರದಲ್ಲಿ ಓಣಿಯ ನಡತೆ ಬದಲಾಯಿತು. ಬೆಳಿಗ್ಗೆ ಅವಳ ಬಾಗಿಲಲ್ಲಿ ಸಾಲು. “ಚಿಗವ್ವಾ, ಒಂಚೂರು ದಾಟಿಸಿ ಬಾರಬೇ.” “ಅಜ್ಜೀ, ಅಂಗನವಾಡಿಗೆ ಹೊತ್ತಾತು.” ಮದುವೆಯ ಮಾತಿಗೆ ಹೊರಟವರೂ ಮೊದಲು ಅವಳ ಮುಖ ನೋಡಿ ಹೊರಡತೊಡಗಿದರು. ಕಲ್ಮೇಶನ ಹೆಂಡತಿ ಸಾವಂತ್ರಿ ಹೋಳಿಗೆ ಮಾಡಿದ ದಿನ ಮೊದಲನೆಯದು ಅವಳ ತಾಟಿಗೆ ಬಂತು. ತೊಟ್ಟಿಲ ಕಾರ್ಯಕ್ಕೆ ಕರೆದು, ಹಿಂದಿನ ಸಾಲಿನಲ್ಲಲ್ಲ, ತೊಟ್ಟಿಲ ಪಕ್ಕದಲ್ಲಿ ಕೂಡಿಸಿದರು. ಸಾರಿಗೆ ಕೊತ್ತಂಬರಿ ಬಂತು.

“ಈಗ ನೀರಡಿಕಿ ಹೆಂಗೈತೋ ಕಲ್ಮೇಶಾ?”

“ಸಾಕ ಬಿಡಬೇ ಚಿಗವ್ವಾ, ಎಷ್ಟ ಚುಚ್ಚತಿ. ನಿನ್ನ ಸೂಜಿ ಕೌದಿಗಷ್ಟ ಇರ್ಲಿ.”

ಆದರೆ ಕಾರುಗಳು ದಿನವೂ ಆಕಾಶದ ಕೊನೆಯವರೆಗೆ ನಿಂತರೆ ಅದು ಯಾರ ಕಣ್ಣಿಗೂ ಬೀಳದೆ ಇರುವುದಿಲ್ಲ. ಒಂದು ದಿನ ಕಂಟ್ರೋಲ್ ರೂಮಿನಿಂದ ಫಕೀರವ್ವನನ್ನು ಕರೆದೊಯ್ಯಲು ಕಾರು ಬಂತು.

ಆ ರೂಮು ಸಿನಿಮಾ ಟಾಕೀಸಿನಷ್ಟು ದೊಡ್ಡದು. ಒಂದು ಗೋಡೆ ತುಂಬ ಊರಿನ ರಸ್ತೆಗಳು. ಚಳಿ ಎಷ್ಟಿತ್ತೆಂದರೆ ಅಲ್ಲಿನವರ ಮಾತು ಬಾಯಿಂದ ಹೊರಬಿದ್ದು ಅಲ್ಲೇ ಹೆಪ್ಪುಗಟ್ಟಬೇಕು. ರಸ್ತೆಯ ದೊಡ್ಡ ಸಾಹೇಬರು ನಾಡಗೌಡ ಎಂಬವರು. ಅವರ ಮುಖದಲ್ಲಿ ಕಾರು ನಿಂತ ಸಿಟ್ಟು ಇನ್ನೂ ಇತ್ತು. ವಿಷಯ ತಿಳಿಸಿ ಹೇಳಿದ್ದು ಅವರ ಕೈಕೆಳಗಿನ ಎಂಜಿನಿಯರ್ ಶ್ರೀದೇವಿ ಹಂಚಿನಮನಿ. ಸಣ್ಣ ವಯಸ್ಸಿನ ಹುಡುಗಿ, ಕುರ್ಚಿ ಎಳೆದುಕೊಂಡು ಫಕೀರವ್ವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತಳು.

“ಕಾರೆಲ್ಲಾ ನಡಸೂದು ಒಂದ ಯಂತ್ರ ರೀ ಅವ್ವಾರ. ಅದಕ್ಕ ಯಾರೂ ಪಾಠ ಹೇಳಿಕೊಟ್ಟಿಲ್ಲ. ಓಣಿ ಕಂಬದ ಮ್ಯಾಲಿನ ಕ್ಯಾಮೆರಾದಾಗ ನೋಡಿ ನೋಡಿ ತಾನ ಕಲತೈತಿ. ಯಾವುದನ್ನ ಕಂಡು ಮಂದಿ ಗಕ್ಕನ ನಿಲ್ಲತಾರೋ ಅಲ್ಲಿ ಅಪಾಯ ಐತಿ ಅಂತ ತಿಳಕೊಂತೈತಿ.”

“ಬರೋಬ್ಬರಿ. ಅದಕ್ಕೂ ನನಗೂ ಏನು?”

ಶ್ರೀದೇವಿ ಗೋಡೆಯ ಮೇಲೆ ಮೂರು ಚಿತ್ರ ತೋರಿಸಿದಳು. ಬಾಯಿ ತೆರೆದ ಗಟಾರ. ಕಡಿದು ಬಿದ್ದ ಕರೆಂಟಿನ ತಂತಿ. ಫಕೀರವ್ವ. ಮೂರರ ಸುತ್ತಲೂ ಒಂದೇ ಬಗೆಯ ಕೆಂಪು ಗೆರೆ.

“ನೀವು ಬಂದ್ರ ಮಂದಿ ನಿಲ್ಲೂದು, ಹಿಂದ ಸರಿಯೂದು, ಮನಿಗೆ ತಿರುಗಿ ಹೋಗೂದು, ಎಲ್ಲಾ ನೋಡೈತ್ರಿ ಅದು. ಯಾಕ ಅಂತ ಅದಕ್ಕ ಗೊತ್ತಿಲ್ಲ. ನಿಮ್ಮ ಓಣಿ ಒಂದ ಅಲ್ಲ, ಎಲ್ಲಾ ಓಣ್ಯಾಗೂ ಹಂಗ. ಬರಿ ಹಣಿ, ಬರಿಗೈ, ಮಾಸಲ ಸೀರಿ, ತಲಿ ಮ್ಯಾಲ ಸೆರಗು. ಇವೆಲ್ಲಾ ಕೂಡಿ ಕಂಡ್ರ ಕಾರು ನಿಂತಬಿಡತಾವು.”

ಫಕೀರವ್ವ ಗೋಡೆಯ ಮೇಲಿನ ತನ್ನನ್ನು ಸಾವಕಾಶವಾಗಿ ನೋಡಿದಳು. “ಅಲ್ಲ ಯವ್ವಾ, ಇಷ್ಟ ರೊಕ್ಕ ಸುರದ ತಂದ ಯಂತ್ರ, ನಮ್ಮ ಅತ್ತಿಗಿಂತ ಮಡಿವಂತ ಆತಲ್ಲ. ಅಕಿ ಬರೇ ಹಿತ್ತಲದಾಗ ಕೂಡಸತಿದ್ದಳು. ಇದು ಗಟಾರದ ಬಾಜೂಕ ಕೂಡಸೈತಿ.”

ನಾಡಗೌಡರು ಬಂದ ನಗುವನ್ನು ಬರಬಾರದಿತ್ತೆಂದು ತಡೆದುಕೊಂಡರು. “ಶ್ರೀದೇವಿ, ತಗದ ಒಗೀರಿ ಅದನ್ನ.”

“ತಗಿಯಾಕ ಬರೂದಿಲ್ರಿ ಸರ್. ಅಕ್ಕ್ಯಾಗಿನ ಕಲ್ಲಾಗಿದ್ರ ಆರಸಬಹುದಿತ್ತು. ಇದು ಹಿಟ್ಟಿನ್ಯಾಗ ಕಲಸಿದ ಉಪ್ಪು.” ಅವಳು ಇನ್ನೊಂದು ಚಿತ್ರ ತಂದಳು. ಒಂದು ಗೆರೆ, ಗುಡ್ಡ ಇಳಿಯುವ ದಾರಿಯಂತೆ ಕೆಳಗೆ ಬರುತ್ತಿತ್ತು. “ಆದ್ರ ತಾನ ಕಡಿಮಿ ಆಗಾಕತ್ತೈತಿ. ಈಗ ಇವರ ಓಣ್ಯಾಗ ಯಾರೂ ಇವರನ್ನ ಕಂಡು ನಿಲ್ಲೂದಿಲ್ಲ, ಎದುರಿಗೆ ಓಡಿ ಬರತಾರ. ಅದನ್ನೂ ಯಂತ್ರ ನೋಡಾಕತ್ತೈತಿ, ಈ ರಸ್ತಾಕ್ಕ ಈ ಓಣಿ ಕಂಬಾನ ಹೆಚ್ಚ ನಂಬತೈತಿ. ಹಿಂಗ ನಡದ್ರ ದಸರಾದೊಳಗ ಇವರೂ ಎಲ್ಲಾರಂಗ.”

“ಎಲ್ಲಾರಂಗ ಅಂದ್ರ?” ಎಂದಳು ಫಕೀರವ್ವ.

ಶ್ರೀದೇವಿ ಮೇಜಿನ ಅಂಚು ಉಜ್ಜಿದಳು. “ಅಂದ್ರ, ಕಾರು ನಿಲ್ಲೂದಿಲ್ರಿ.”

ನಾಡಗೌಡರ ಮುಖದ ಮೇಲೆ ಬೆಳಕು ಬಂತು. ತಾವೇನೂ ಮಾಡಬೇಕಾಗಿಲ್ಲ ಎಂದರೆ ದೊಡ್ಡ ಸಾಹೇಬರಿಗೆ ಆಗುವಷ್ಟು ಸಂತೋಷ ಹಸಿದ ಎಮ್ಮೆಗೆ ಹಸಿರು ಹುಲ್ಲು ಕಂಡರೂ ಆಗದು. ಫಕೀರವ್ವನಿಗೆ ಚಹಾ ತರಿಸಿದರು.

“ಸಾಹೇಬ್ರ, ಎಲ್ಲಾರಿಗೂ ನಿಲ್ಲೂಹಂಗ ಮಾಡಿಬಿಡ್ರಲ್ಲ,” ಎಂದಳು ಅವಳು, ಚಹಾ ಊದುತ್ತ.

“ಎಲ್ಲಾರಿಗೂ ನಿಂತ್ರ ಅದು ರಸ್ತಾ ಅಲ್ಲಬೇ ಅಜ್ಜೀ, ಸಂತಿ.”

“ಸಂತ್ಯಾಗ ಯಾರೂ ಬಡದು ಸತ್ತಿದ್ದು ನಾ ಕೇಳಿಲ್ಲ.”

ನಾಡಗೌಡರು ಇನ್ನೊಂದು ಚಹಾ ಬೇಕೇ ಎಂದು ಕೇಳಿದರು.

ಸಂಜೆ ಕಲ್ಮೇಶನ ಪಡಸಾಲೆಯಲ್ಲಿ ಓಣಿ ಕೂಡಿತು. ಫಕೀರವ್ವ ಕೇಳಿದ್ದನ್ನೆಲ್ಲ ಹೇಳಿದಳು. ರೂಮಿನ ಚಳಿಯನ್ನು ಒಂದಕ್ಕೆ ಹತ್ತು ಮಾಡಿ, ಉಳಿದದ್ದನ್ನು ಇದ್ದಂತೆಯೇ ಹೇಳಿದಳು. ಯಂತ್ರ ಅವಳನ್ನು ಕಂಡು ನಿಲ್ಲುತ್ತಿದ್ದದ್ದು ಓಣಿಯವರು ಅವಳನ್ನು ಕಂಡು ನಿಲ್ಲುತ್ತಿದ್ದರಿಂದ. ಇವರು ನಿಲ್ಲುವುದನ್ನು ಬಿಟ್ಟರು, ಅದೂ ಬಿಡುತ್ತದೆ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡದೆ ಚಾಪೆಯ ಕಡ್ಡಿ ಕೀಳತೊಡಗಿದರು. ಸಂಗಿ ಮಾತ್ರ ಫಕೀರವ್ವನ ತೊಡೆಯ ಮೇಲೆ ಕುಳಿತು ಅವಳ ಬರಿಗೈಗೆ ಚಿಂದಿಯ ಬಳೆ ಕಟ್ಟುತ್ತಿದ್ದಳು.

ಕೊನೆಗೆ ಕಲ್ಮೇಶ ಬಾಯಿ ಬಿಟ್ಟ. “ಚಿಗವ್ವಾ, ತಪ್ಪ ತಿಳಕೋಬ್ಯಾಡ. ಕ್ಯಾಮೆರಾ ಮುಂದ ಅಷ್ಟ ಮೊದಲಿನಂಗ ಇದ್ರ? ಮನ್ಯಾಗ ಅಲ್ಲ. ಬರೇ ಕ್ಯಾಮೆರಾ ಮುಂದ.”

“ಅಂದ್ರ, ನಾಟಕ.”

“ನಾಟಕ.”

ಫಕೀರವ್ವ ಶಿವಗಂಗವ್ವನ ಫೋಟೋದ ಕಡೆ ನೋಡಿದಳು. ಹೂವಿನ ಹಾರದೊಳಗೆ ಅವಳು ಯಾವಾಗಿನಂತೆ, ಯಾರೋ ಸಾಲ ಕೇಳಲು ಬಂದಂತೆ ಮುಖ ಮಾಡಿದ್ದಳು. “ಆಗ್ಲಿ,” ಎಂದಳು ಫಕೀರವ್ವ. “ನಿಮಗೇನ ತಾಲೀಮು ಬೇಕಾಗಿಲ್ಲ.”

ಮರುದಿನದಿಂದ ತಾಂಬಟಗೇರಿಯಲ್ಲಿ ದಿನವೂ ಬೆಳಗಿನ ಆಟ. ಕಂಬದ ಕೆಳಗೆ ಫಕೀರವ್ವ ಬಂದಳೋ ಇಲ್ಲವೋ, ಹುಲಿ ಕಂಡಂತೆ ಜನ ಹಿಂದೆ ಹಾರಿದರು. ಸ್ಕೂಟರಿನವರು ಬ್ರೇಕು ಹಾಕಿದ ಸದ್ದಿಗೆ ಮೂರು ಓಣಿಯ ನಾಯಿಗಳು ಊರು ಬಿಟ್ಟವು. ಹಿಟ್ಟಿನ ಗಿರಣಿಯ ನೀಲಪ್ಪ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ. ಕಲ್ಮೇಶ ಬಾಗಿಲಿಗೇ ತಂಬಿಗೆ ತಂದು, ಕ್ಯಾಮೆರಾ ಕಾಣುವಂತೆ ಎತ್ತಿ ಎತ್ತಿ ಕುಡಿದ. ಸಾವಂತ್ರಿ ಸಂಗಿಯನ್ನು ಎತ್ತಿಕೊಂಡು ಥೂ ಎಂದು ನೆಟಿಗೆ ಮುರಿದಳು. ಆಟ ಮುಗಿಸಿ ಎಲ್ಲರೂ ಕ್ಯಾಮೆರಾ ಇಲ್ಲದ ಹಿತ್ತಲಲ್ಲಿ ಕೂಡಿದರೆ ಒಗ್ಗರಣೆ ಅವಲಕ್ಕಿ, ಚಹಾ.

“ಏ ನೀಲಪ್ಪಾ, ಒರಗೂವಾಗ ನಗಬ್ಯಾಡೋ. ಯಂತ್ರ ನಂಬೂದಿಲ್ಲ.”

“ನಗು ಬರತೈತಬೇ ಅಜ್ಜೀ, ಏನ ಮಾಡ್ಲಿ.”

“ಮೊದಲ ಬರ್ತಿದ್ದಿಲ್ಲಲ್ಲ. ಹಂಗ ಮಾಡು.”

ಗೆರೆ ಮೇಲೇರುತ್ತಿದೆ ಎಂದು ಶ್ರೀದೇವಿ ಕಲ್ಮೇಶನಿಗೆ ಫೋನು ಮಾಡಿ ಹೇಳಿದಳು. ಯಾಕೆ ಏರುತ್ತಿದೆ ಎಂದು ಅವಳೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಕಾರುಗಳು ಮತ್ತೆ ಆಕಾಶದ ಕೊನೆಯವರೆಗೆ ನಿಂತವು. ಓಣಿಗೆ ಓಣಿಯೇ ಹಬ್ಬದ ಮನೆಯಾಗಿತ್ತು. ಫಕೀರವ್ವ ಒಂದು ದಿನ ಮಾತ್ರ, ಕಲ್ಮೇಶ ಹಿಂದೆ ಜಿಗಿಯುವುದನ್ನು ನೋಡುತ್ತ, ಮೊದಲಿನ ಜಿಗಿತಕ್ಕೂ ಇವತ್ತಿನ ಜಿಗಿತಕ್ಕೂ ಏನು ಫರಕು ಎಂದು ಹುಡುಕಿದಳು. ಅದೇ ಎರಡು ಹೆಜ್ಜೆ. ಅದೇ ನೆಲ ನೋಡುವ ಕಣ್ಣು. ಕಂಬದ ಮೇಲಿನ ಯಂತ್ರಕ್ಕೂ ಫರಕು ಸಿಕ್ಕಿರಲಿಲ್ಲ.

ಗಣಪತಿ ಕೂಡಿಸುವ ಹಿಂದಿನ ದಿನ ಅವಳು ಸಂಗಿಗೆಂದು ಹೊಲಿದ ಪುಟ್ಟ ಕೌದಿ ಹಿಡಿದು ಕಲ್ಮೇಶನ ಮನೆಗೆ ಹೋದಳು. ಸಾವಂತ್ರಿ ಒಲೆಯ ಮುಂದೆ ಕಡುಬು ತುಂಬುತ್ತಿದ್ದಳು. ಸಂಗಿ ಹೊಸ್ತಿಲಲ್ಲಿ ಆಡುತ್ತಿದ್ದವಳು ತಲೆ ಎತ್ತಿ ನೋಡಿದಳು. ಎದ್ದಳು. ಎರಡು ಹೆಜ್ಜೆ ಹಿಂದೆ ಸರಿದು, ಥೂ ಎಂದು, ಗೋಡೆಗೆ ಮುಖ ಮಾಡಿ ನಿಂತಳು.

“ಸಂಗೀ, ನಾನ. ಆಯಿ.”

ಫಕೀರವ್ವ ಕೈ ಚಾಚಿದಳು. ಸಂಗಿಯ ಮುಖ ಅಳುವಿಗೆ ತಿರುಗಿತು. ಓಡಿಹೋಗಿ ತಾಯಿಯ ಸೆರಗಿನಲ್ಲಿ ಹೊಕ್ಕಳು.

“ಏ, ಹುಚ್ಚೀ, ಇಲ್ಲೆ ಅಲ್ಲ,” ಎಂದಳು ಸಾವಂತ್ರಿ. ಹಿಟ್ಟಿನ ಕೈಯಿಂದಲೇ ಅವಳನ್ನು ಮುಂದಕ್ಕೆ ತಳ್ಳಿದಳು. “ಇಲ್ಲೆ ಕ್ಯಾಮೆರಾ ಇಲ್ಲ. ಅದು ಸುಳ್ಳ ಸುಳ್ಳ. ಹೋಗು, ಆಯಿ ಕಡೆ ಹೋಗು.”

ಸಂಗಿ ಹೋಗಲಿಲ್ಲ. ಸುಳ್ಳ ಸುಳ್ಳ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಲ್ಮೇಶ ಒಳಕೋಣೆಯಿಂದ ಬಂದು ಬಾಗಿಲಲ್ಲೇ ನಿಂತ. ಫಕೀರವ್ವ ಕೌದಿಯನ್ನು ಮಡಚಿ ಕಟ್ಟೆಯ ಮೇಲಿಟ್ಟು ಕುಳಿತಳು.

“ಬಯ್ಯಬ್ಯಾಡ ಅದನ್ನ,” ಎಂದಳು. “ಆ ಯಂತ್ರದ್ದೂ ಇದರದ್ದೂ ಒಂದ ಬುದ್ಧಿ. ಕಂಡದ್ದನ್ನ ಕಲಿತಾವು, ಯಾಕ ಅಂತ ಕೇಳೂದಿಲ್ಲ. ನೀನೂ ಇಷ್ಟ ಇದ್ದಾಗ ನಿಮ್ಮವ್ವನ ಸೆರಗ ಹಿಡದು ಹಿಂಗ ಕಲತೀ. ನಾ ನೋಡೀನಿ.”

ಕಲ್ಮೇಶ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟ.

“ನಾಳಿಂದ ಆಟ ಬಂದ್,” ಎಂದಳು ಫಕೀರವ್ವ.

“ಚಿಗವ್ವಾ, ಮತ್ತ ದಾಟೂದು ಹೆಂಗ? ಅವ್ವ ಹೋದಂಗ ಇನ್ನೊಬ್ಬರು ಹೋಗಬೇಕನ?”

“ಪೂರ್ತಿ ಕೇಳೋ. ಆಟ ಬಂದ್ ಅಲ್ಲ, ಪಾರ್ಟ್ ಬದಲಿ. ಯಂತ್ರಕ್ಕ ಯಾರನ್ನೋ ಕಂಡು ಅಂಜೂದ ಬೇಕಲ್ಲ? ನನ್ನ ಕಂಡು ಬ್ಯಾಡ. ಸಣ್ಣ ಹುಡುಗರನ್ನ ಕಂಡು ಅಂಜ್ರಿ. ಯಾವ ಕೂಸು ಓಣ್ಯಾಗ ಬಂದ್ರೂ ಸ್ಕೂಟರು ನಿಲ್ಲಬೇಕು, ಮಂದಿ ಸರೀಬೇಕು.”

“ಕೂಸಿನ್ನ ಕಂಡು ಹಿಂದ ಸರದ್ರ ಕೆಟ್ಟ ಅಲ್ಲೇನ್ರಿ ಅತ್ತೀ?” ಎಂದಳು ಸಾವಂತ್ರಿ.

“ದೇವರ ಪಲ್ಲಕ್ಕಿ ಬಂದ್ರ ಸರಿಯೂದಿಲ್ಲ? ಕೈ ಮುಗದು ಸರೀರಿ. ಕೂಸು ಅದನ್ನ ಕಲತ್ರೂ ಏನ ಕೆಡೂದಿಲ್ಲ.”

ಹೊಸ ಆಟ ಕೂಡಲೇ ರಂಗೇರಲಿಲ್ಲ. ಹುಡುಗರನ್ನು ಕಂಡು ನಿಲ್ಲುವ ಅಭ್ಯಾಸ ಓಣಿಯವರಿಗೆ ಇರಲಿಲ್ಲ. ಗದರಿ ಬದಿಗೆ ಸರಿಸಿ ಅಭ್ಯಾಸ. ಇದಕ್ಕೆ ತಾಲೀಮು ಬೇಕಾಯಿತು. ನೀಲಪ್ಪ ಹಿಟ್ಟಿನ ಚೀಲ ಹೊತ್ತುಕೊಂಡು ಗೋಲಿ ಆಡುವ ಪೋರನ ಮುಂದೆ ಕೈ ಮುಗಿಯಲು ಹೋಗಿ, ಇಡೀ ಓಣಿಯನ್ನು ಬೆಳ್ಳಗೆ ಮಾಡಿದ. ಹುಡುಗರಿಗೆ ಮೊದಲ ವಾರ ತಲೆ ತಿರುಗಿತು, ಎರಡನೆಯ ವಾರ ರಾಜರಾದರು. ಸುತ್ತಲಿನ ಓಣಿಗಳವರು ನೋಡಿ ನಕ್ಕರು, ಆಮೇಲೆ ಆಚೆ ದಾಟುವ ಆಸೆಗೆ ತಾವೂ ಕಲಿತರು.

ಅತ್ತ ಫಕೀರವ್ವನ ಗೆರೆ ಇಳಿಯುತ್ತಿತ್ತು. ಕಾರುಗಳು ಒಮ್ಮೆ ನಿಂತವು, ಒಮ್ಮೆ ಅರ್ಧ ನಿಂತವು. ಅರ್ಧ ನಿಂತ ದಿನ ಕಲ್ಮೇಶ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಕಾರಿನ ಗಾಳಿಗೆ ಅವಳ ಸೆರಗು ಹೋಗಿ ಬೇವಿನ ಮರಕ್ಕೆ ಸಿಕ್ಕಿತು. ಅಂದಿನಿಂದ ಯಾರೂ ದಾಟಲಿಲ್ಲ. ಓಣಿಯವರು ಮೇಲ್ಸೇತುವೆ ಹತ್ತಿ ಇಳಿದು ಸೊರಗಿದರು. ಸಾರಿನ ಕೊತ್ತಂಬರಿ ಮತ್ತೆ ಹೋಯಿತು. ತಪ್ಪು ಮಾಡಿದೆವೇನೋ ಎಂದು ಒಬ್ಬಿಬ್ಬರು ಗೊಣಗಿದರು. ಫಕೀರವ್ವ ಕೇಳಿಯೂ ಕೇಳದವಳಂತೆ ಕೌದಿ ಹೊಲಿದಳು. ಆದರೆ ಅವಳ ಹೊಲಿಗೆ ಆ ದಿನಗಳಲ್ಲಿ ಕಾಗೆಯ ಕಾಲಿನಂತೆ ಅಡ್ಡಾದಿಡ್ಡಿ ಹೋಗುತ್ತಿತ್ತು.

ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಶ್ರೀದೇವಿಯ ಫೋನು ಬಂತು. “ಇವತ್ತ ನೋಡ್ರಿ. ಕೂಸಿನ ಕೈ ಮಾತ್ರ ಬಿಡಬ್ಯಾಡ್ರಿ.”

ಓಣಿ ದಂಡೆಗೆ ಬಂತು. ಮೊದಲು ಫಕೀರವ್ವ ಒಬ್ಬಳೇ ಅಂಚಿನಲ್ಲಿ ನಿಂತಳು. ಕಾರು ನಿಲ್ಲುವುದಿದ್ದರೆ ನಿಂತದ್ದು ಯಾರಿಗೆಂದು ಗೊತ್ತಾಗಬೇಕಿತ್ತು. ಕಾರುಗಳು ಬಂದವು, ಹೋದವು. ಕೆಂಪು, ಬಿಳಿ, ಕರಿ. ಒಂದಾದರೂ ತಡೆಯಲಿಲ್ಲ, ಒಂದಾದರೂ ಅನುಮಾನಿಸಲಿಲ್ಲ. ಗಂಡ ಸತ್ತ ದಿನದಿಂದ ಅವಳೆದುರಿಗೆ ಬಂದವರು ಯಾರೂ ಹೀಗೆ ನಿಲ್ಲದೆ ಹೋದದ್ದಿಲ್ಲ. ಅವಳು ಬಹಳ ಹೊತ್ತು ನೋಡಿದಳು.

“ನೋಡೋ ಕಲ್ಮೇಶಾ,” ಎಂದಳು. “ಒಂದ ಕಾರಿಗೂ ನೀರಡಿಕಿ ಇಲ್ಲ.”

ಸಾವಂತ್ರಿ ಸಂಗಿಯನ್ನು ಅಂಚಿಗೆ ತಂದಳು. ಎರಡೂ ಕೈಯಿಂದ ಹಿಡಿದಿದ್ದಳು. ಅವಳ ಹಸಿರು ಬಳೆಗಳು ಕೂಸಿನ ರಟ್ಟೆಗೆ ಒತ್ತಿದ್ದವು. ಸಂಗಿ, ಓಣಿಯಲ್ಲಿ ಸ್ಕೂಟರಿನವರನ್ನು ನೋಡುವಂತೆ, ರಸ್ತೆಯನ್ನು ನೋಡಿದಳು. ಮೊದಲ ಕಾರು ಮೆತ್ತಗಾಯಿತು. ನಿಂತಿತು. ಪಕ್ಕದ್ದು ನಿಂತಿತು. ಆಕಾಶದ ಕೊನೆಯವರೆಗೆ ಎಲ್ಲ ಸುಮ್ಮನಾಯಿತು.

ಸಂಗಿ ಹಿಂದೆ ತಿರುಗಿ ಯಾರು ಬರುತ್ತಾರೆಂದು ನೋಡಿದಳು. ಫಕೀರವ್ವ ಇನ್ನೂ ಅಂಚಿನಲ್ಲೇ ಇದ್ದಳು. ಈಚೆಗೆ ಅವಳನ್ನು ಕಂಡು ಗೋಡೆ ನೋಡುವುದು ಸಂಗಿಗೆ ಮರೆತಿತ್ತು. ಓಣಿಯವರು ಹಾಗೆ ಮಾಡುವುದನ್ನು ನೋಡದೆ ನೋಡದೆ ಅದೂ ಹೋಗಿತ್ತು. ಒಂದು ಕೈಯನ್ನು ತಾಯಿಯಿಂದ ಬಿಡಿಸಿಕೊಂಡು ಮುದುಕಿಯ ಬೆರಳು ಹಿಡಿದಳು.

“ಬಾ ಆಯಿ. ಅಂಜಬ್ಯಾಡ.”

ಅವರು ದಾಟಿದರು. ಹಿಂದೆ ಓಣಿ ದಾಟಿತು.

ಅಂಗನವಾಡಿಯ ಟೀಚರು ಸಂಗಿಯನ್ನೂ ಉಳಿದ ಮಕ್ಕಳನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಫಕೀರವ್ವ ಮನೆಗೆ ಹೋಗಲು ತಿರುಗಿ ದಂಡೆಗೆ ಬಂದು ನಿಂತಳು. ಕಾರುಗಳು ಭರ್ರೆಂದು ಹೋದವು. ಆಗ ನೆನಪಾಯಿತು. ಓಣಿಯ ಹಿರಿಯರು ಯಾರೂ ಇದನ್ನು ಯೋಚಿಸಿರಲಿಲ್ಲ. ಕೂಸುಗಳೆಲ್ಲ ಒಳಗೆ, ಇವರೆಲ್ಲ ಹೊರಗೆ. ನೀಲಪ್ಪ ಹಣೆ ಹಿಡಿದುಕೊಂಡ. ಕಲ್ಮೇಶ ಒಮ್ಮೆ ಮೇಲ್ಸೇತುವೆಯ ದಿಕ್ಕು ನೋಡಿ, ಬೇಡವೆಂದು ಕೈ ಬಿಟ್ಟ.

ಎಲ್ಲರೂ ಅಂಗನವಾಡಿಯ ಕಟ್ಟೆಯ ಮೇಲೆ ಒತ್ತೊತ್ತಿ ಕುಳಿತರು. ಕಟ್ಟೆ ಸಣ್ಣದು. ಸಂತೆಯಿಂದ ಹೂವಿನ ದಂಡೆ ಕೊಂಡು ತಂದ ಹೊಸ ಮದುಮಗಳೊಬ್ಬಳು, ಆ ದಿನವೇ ಗಂಡನ ಮನೆಗೆ ಹೊರಡಬೇಕಾದವಳು, ಜಾಗ ಹುಡುಕಿ ಫಕೀರವ್ವನ ಪಕ್ಕದಲ್ಲಿ ಸಿಕ್ಕಿಕೊಂಡಳು.

“ಒಂಚೂರು ಸರೀಬೇ ಅಜ್ಜೀ,” ಎಂದಳು.

“ಎಲ್ಲಿ ಸರೀಲೇ? ಆ ಕಡೆ ನೀಲಪ್ಪ ಅದಾನು, ಗಿರಣಿ ಸಮೇತ ಕುಂತಾನು.”

ಮದುಮಗಳು ನಕ್ಕು ಅಲ್ಲೇ ಒತ್ತಿಕೊಂಡು ಕುಳಿತಳು. ಫಕೀರವ್ವ ಚೀಲದಿಂದ ಅರ್ಧ ಕೌದಿ ತೆಗೆದು ಮೊಣಕಾಲ ಮೇಲೆ ಹರಡಿದಳು. ಅದರ ಅಂಚು ಮದುಮಗಳ ಮೊಣಕಾಲನ್ನೂ ಮುಚ್ಚಿತು. ಸೂಜಿಯನ್ನೂ ದಾರವನ್ನೂ ಅವಳ ಕೈಗೆ ಕೊಟ್ಟಳು.

“ನಿನ್ನ ಕಣ್ಣು ಚುರುಕ ಅದಾವು. ಪೋಣಿಸಿ ಕೊಡು.”

ಮದುಮಗಳು ದಾರದ ತುದಿಯನ್ನು ತುಟಿಗೆ ತಾಗಿಸಿ, ಬಿಸಿಲಿಗೆ ಸೂಜಿ ಹಿಡಿದು, ಪೋಣಿಸಿ ಕೊಟ್ಟಳು. ಎದುರಿಗೆ ಕಾರುಗಳು ಹೋಗುತ್ತಲೇ ಇದ್ದವು. ಅಂಗನವಾಡಿ ಬಿಡುವವರೆಗೆ ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ.